ಡಿಲಾರ್ಮ್ ಹೇಳಿದ ಹತ್ತು, ನಾವು ಓದಿದ ಮೂವತ್ತು

ಗಾಯಗೊಂಡ ಅವಯವಕ್ಕೆ ಬಲ ಮರಳಿಸುವ ವ್ಯಾಯಾಮದ ಚರಿತ್ರೆ ಬರೆಯುವವರಲ್ಲಿ ಹಲವರು ಥಾಮಸ್ ಡಿಲಾರ್ಮ್ ಅವರ ಹೆಸರು ಬಂದೊಡನೆ ಒಂದೇ ವಾಕ್ಯ ಬರೆದು ಮುಂದೆ ಸಾಗುತ್ತಾರೆ: ‘ಹತ್ತು ಸಲದ ಮೂರು ಸೆಟ್’ ಎಂಬ ಕ್ರಮವನ್ನು ಅವರು 1945ರಲ್ಲಿ ಕೊಟ್ಟರು. ಈ ವಾಕ್ಯದಲ್ಲಿ ಇಸವಿಯೂ ತಪ್ಪು, ಕ್ರಮದ ಅರ್ಥವೂ ತಪ್ಪು. ಒಂದು ಪಠ್ಯಪುಸ್ತಕದಿಂದ ಇನ್ನೊಂದಕ್ಕೆ ಇಳಿದುಬಂದ ಈ ಮಾತನ್ನು ಮೂಲ ಲೇಖನಗಳ ಪಕ್ಕದಲ್ಲಿಟ್ಟು ನೋಡುವ ಶ್ರಮವನ್ನು ಯಾರೂ ತೆಗೆದುಕೊಂಡಂತಿಲ್ಲ. ಮೂಲಗಳೇನೂ ದುರ್ಲಭವಲ್ಲ. ಮೂಳೆ ಮತ್ತು ಕೀಲು ಶಸ್ತ್ರಚಿಕಿತ್ಸೆಯ ಅಮೆರಿಕದ ಪತ್ರಿಕೆಯಲ್ಲಿ 1945ರಲ್ಲಿ ಬಂದ ಲೇಖನ ಒಂದು. ಆರ್ಥರ್ ವಾಟ್ಕಿನ್ಸ್ ಅವರೊಡನೆ ಬರೆದು 1948ರಲ್ಲಿ ಪ್ರಕಟಿಸಿದ ಲೇಖನ ಇನ್ನೊಂದು. ಎಲ್ಲರೂ ಉಲ್ಲೇಖಿಸುವುದು ಮೊದಲನೆಯದನ್ನು. ಪ್ರಚಾರದಲ್ಲಿರುವ ಕ್ರಮ ಇರುವುದು ಎರಡನೆಯದರಲ್ಲಿ.

ಷಿಕಾಗೋದ ಗಾರ್ಡಿನರ್ ಸೇನಾ ಆಸ್ಪತ್ರೆಯ ಅನುಭವದಿಂದ ಹುಟ್ಟಿದ ಮೊದಲ ಲೇಖನದಲ್ಲಿ ಮೂರು ಸೆಟ್ಟುಗಳ ಸುಳಿವೇ ಇಲ್ಲ. ಅಲ್ಲಿರುವುದು ಹತ್ತು ಸಲದ 7ರಿಂದ 10 ಸೆಟ್, ಅಂದರೆ ಒಂದು ಸರದಿಯಲ್ಲಿ 70ರಿಂದ 100 ಬಾರಿ ಎತ್ತುವುದು. ಮೂರು ವರ್ಷಗಳ ತರುವಾಯ ಲೇಖಕರೇ ಅದನ್ನು 30ಕ್ಕೆ ಇಳಿಸಿದರು. ಚರಿತ್ರೆಕಾರರ ಕಣ್ಣು ನಿಲ್ಲಬೇಕಾದದ್ದು ಈ ಇಳಿಕೆಯ ಮೇಲೆ. ಯಾಕೆಂದರೆ ಆ 30 ಕೂಡ ಒಂದೇ ಭಾರದ 30 ಅಲ್ಲ. ರೋಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೆಯ ಸಲ ಎತ್ತಲಾರದ ಭಾರವೇ ಅಲ್ಲಿನ ಅಳತೆಗೋಲು. ಮೊದಲ ಸೆಟ್ಟಿಗೆ ಅದರ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಮಾತ್ರ ಪೂರ್ತಿ. ಕಾಲಿಗೆ ಕಬ್ಬಿಣದ ಬೂಟು ಕಟ್ಟಿ ಮಂಡಿ ನೀಡುವ ರೋಗಿಯ ಅಳತೆ 20 ಕಿಲೋ ಎನ್ನೋಣ. ಆತ ಎತ್ತುವುದು 10, 15, 20 ಕಿಲೋಗಳನ್ನು ಹತ್ತು ಹತ್ತು ಸಲ. ಒಟ್ಟು 450 ಕಿಲೋ. ಮೂರೂ ಸೆಟ್ ಪೂರ್ತಿ ಭಾರದವು ಎಂದು ಓದಿದರೆ ಅದು 600 ಆಗುತ್ತದೆ. ಇದು ಬರೀ ಲೆಕ್ಕದ ವ್ಯತ್ಯಾಸವಲ್ಲ. ಹನ್ನೊಂದನೆಯ ಸಲ ಸಾಧ್ಯವಾಗದ ಭಾರವನ್ನು ಹೆಚ್ಚು ಬಿಡುವಿಲ್ಲದೆ ಮತ್ತೆ ಇಪ್ಪತ್ತು ಸಲ ಎತ್ತು ಎನ್ನುವುದು ಆ ಅಳತೆಯ ವ್ಯಾಖ್ಯೆಗೇ ವಿರುದ್ಧ. ಆದ್ದರಿಂದ ಮೊದಲ ಎರಡು ಸೆಟ್ಟುಗಳನ್ನು ಸಿದ್ಧತೆ ಎಂದೂ ಕೊನೆಯ ಹತ್ತನ್ನೇ ನಿಜವಾದ ದುಡಿಮೆ ಎಂದೂ ಓದುವುದು ನನ್ನ ಮಟ್ಟಿಗೆ ಒಂದು ಆಯ್ಕೆಯಲ್ಲ, ಪಠ್ಯ ಒಪ್ಪುವ ಒಂದೇ ಓದು.

ಇದಕ್ಕೆ ಬರುವ ಬಲವಾದ ಆಕ್ಷೇಪ ಆಕ್ಸ್‌ಫರ್ಡ್ ಪದ್ಧತಿಯದು. 1951ರಲ್ಲಿ ಜಿನೋವೀಫ್ ಕ್ರಮವನ್ನು ತಿರುಗಿಸಿ ಪೂರ್ತಿ ಭಾರದಿಂದ ಆರಂಭಿಸಿದರು, ಸ್ನಾಯು ದಣಿದಂತೆ ಭಾರ ಇಳಿಸುತ್ತ ಹೋದರು. ಡಿಲಾರ್ಮ್ ಕ್ರಮದಲ್ಲಿ ರೋಗಿ ದಣಿಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೇಳುವವರಿದ್ದಾರೆ. ಆದರೆ ದಣಿವಿನ ದೂರು ಸಹಜವಾಗಿ ಅಂಟುವುದು 70–100 ಸಲದ ಹಳೆಯ ಕ್ರಮಕ್ಕೆ. ಅರ್ಧ ಭಾರದ ಹತ್ತು, ಮುಕ್ಕಾಲು ಭಾರದ ಹತ್ತು ಎತ್ತಿದವನು ಕೊನೆಯ ಸೆಟ್ಟಿಗೆ ಅಷ್ಟೊಂದು ದಣಿದು ಬರುವುದಿಲ್ಲ. ಈ ಎರಡು ಪದ್ಧತಿಗಳನ್ನು ಎದುರುಬದುರು ನಿಲ್ಲಿಸುವವರು ಯಾವ ಇಸವಿಯ ಡಿಲಾರ್ಮ್ ಎಂದು ಮೊದಲು ಹೇಳಬೇಕು. ಇನ್ನೊಂದು ಆಕ್ಷೇಪ, ಭಾರವೇ ಹೊಸದಲ್ಲ ಎಂಬುದು. ಒಪ್ಪಿದೆ, ಸ್ಟಾಕ್‌ಹೋಮಿನ ಗುಸ್ತಾವ್ ಜಾಂಡರ್ 19ನೇ ಶತಮಾನದಲ್ಲೇ ಸನ್ನೆ ಮತ್ತು ತೂಕದ ಯಂತ್ರಗಳಿಂದ ಚಿಕಿತ್ಸೆ ನಡೆಸಿದ್ದರು. ಡಿಲಾರ್ಮ್ ಅವರ ಹೊಸತನವಿದ್ದದ್ದು ರೋಗಿಯ ಸೋಲಿನ ಬಿಂದುವನ್ನೇ ಅಳತೆಯಾಗಿಸಿ, ಬಲ ಬಂದಂತೆ ಅದನ್ನು ಮತ್ತೆ ಮತ್ತೆ ಗುರುತಿಸಿದ್ದರಲ್ಲಿ. 1945ರ ಶೀರ್ಷಿಕೆಯಲ್ಲಿದ್ದ ‘ಭಾರೀ ಪ್ರತಿರೋಧ’ 1948ರಲ್ಲಿ ‘ಏರುವ ಪ್ರತಿರೋಧ’ವಾದದ್ದು ಇದೇ ಕಾರಣಕ್ಕೆಂದು ನಾನು ತಿಳಿಯುತ್ತೇನೆ.

ಇನ್ನು, ಈ ಹತ್ತು ಸಲದೊಳಗೆ ನರ-ಸ್ನಾಯು ತರಬೇತಿಯ ಮುನ್ಸೂಚನೆ ಕಾಣುವವರ ಉತ್ಸಾಹವನ್ನು ಸ್ವಲ್ಪ ತಡೆಯಬೇಕಾಗಿದೆ. ಆರಂಭದ ವಾರಗಳ ಬಲವೃದ್ಧಿಯಲ್ಲಿ ಸ್ನಾಯುವಿನ ಗಾತ್ರಕ್ಕಿಂತ ನರಗಳ ಪಾಲು ಹೆಚ್ಚೆಂದು ಮೊರಿಟಾನಿ ಮತ್ತು ಡಿವ್ರೀಸ್ ತೋರಿಸಿದ್ದು 1979ರಲ್ಲಿ. ಉಳುಕಿದ ಪಾದ ಮತ್ತೆ ಮತ್ತೆ ಹೊರಳುವುದಕ್ಕೆ ಕೀಲಿನ ಸಂವೇದನೆಯ ನಷ್ಟ ಕಾರಣವಿರಬೇಕೆಂದು ಫ್ರೀಮನ್ ಮತ್ತು ಸಂಗಡಿಗರು ವಾದಿಸಿ, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸುವ ವ್ಯಾಯಾಮವನ್ನು ಮುಂದಿಟ್ಟದ್ದು 1965ರಲ್ಲಿ. ಅದು ಬೇರೆ ಪ್ರಶ್ನೆಯಿಂದ ಹೊರಟ ಬೇರೆ ಧಾರೆ. ಇಂದಿನ ಪುನಶ್ಚೇತನದಲ್ಲಿ ಎರಡೂ ಕೂಡಿರುವುದು ರೋಗಿಗೆ ಒಳಿತೇ. ಅಷ್ಟರಿಂದಲೇ 1948ರ ಪಠ್ಯದೊಳಗೆ 1979ರ ತಿಳಿವಳಿಕೆಯನ್ನು ತುಂಬುವುದು ಚರಿತ್ರೆಯಾಗದು.

ಮುಂದೆ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೆ: ‘ಮೂರು ಸೆಟ್’ ಎಂದು ಬರೆದಾಗ ಇಸವಿಯನ್ನು 1948 ಎಂದು ಬರೆಯಿರಿ, ಅರ್ಧ, ಮುಕ್ಕಾಲು, ಪೂರ್ತಿ ಎಂಬ ಮೂರು ಪದಗಳನ್ನು ಕೈಬಿಡಬೇಡಿ.