ಪೊರೆ ಬಲಿಯಲಿ ಎಂದು ಕಾದವರು

"ಪೊರಿ ಬಲ್ತೈತೇನ್ರಿ?" ಹಾವೇರಿ ಕಡೆಯ ತಾಲ್ಲೂಕು ಊರೊಂದರಲ್ಲಿ ಕಣ್ಣಿನ ಡಾಕ್ಟರಾಗಿ ಕೂತಾಗಿನಿಂದ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಬಸ್ಸಿನ ಬೋರ್ಡು ಕಾಣದು, ಮಕ್ಕಳ ಮುಖ ಮಂಜು ಎಂದು ಗೋಳಾಡುತ್ತ ಬಂದವರೂ ಆಪರೇಷನ್ ಮಾತು ತೆಗೆದ ಕೂಡಲೇ ಇಲ್ಲಿಗೆ ಬಂದು ನಿಲ್ಲುತ್ತಾರೆ. ಬೆನ್ನಿಗೇ ಉಳಿದವು ಬರುತ್ತವೆ: ಚಳಿಗಾಲ ಬರಲಿ ಬಿಡ್ರಿ, ತಲೆಗೆ ನೀರು ಎಷ್ಟು ದಿನ ಹಾಕಬಾರದು, ಕೆಮ್ಮು ಐತಿ ನಡೀತದೇನು, ಒಲೆ ಮುಂದೆ ಯಾವಾಗ ಕೂರಬಹುದು? ನನ್ನ ಕಿರಿಯ ಸಹೋದ್ಯೋಗಿಗಳು ಇವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದಾಗ ನನಗೆ ಸಂಕಟವಾಗುತ್ತದೆ. ಇವು ವೈದ್ಯರೇ ಕಲಿಸಿದ ಮಾತುಗಳು. ಒಂದೊಂದಕ್ಕೂ ಅದರದೇ ಕಾಲ, ಅದರದೇ ಕಾರಣ ಇತ್ತು.

ಸುಶ್ರುತ ಸಂಹಿತೆಯ ಉತ್ತರತಂತ್ರ ಓದಿದರೆ ಬೇರು ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಹೆಚ್ಚು ಸೆಕೆಯೂ ಹೆಚ್ಚು ಚಳಿಯೂ ಇಲ್ಲದ ಕಾಲದಲ್ಲಿ ರೋಗಿಯನ್ನು ಕೂರಿಸಿ, ಜವೆಯ ಮೊನೆಯಂಥ ತುದಿಯಿರುವ ಶಲಾಕೆಯಿಂದ ಕಣ್ಣಿನ ಬಿಳಿಭಾಗವನ್ನು ಚುಚ್ಚಿ ಪೊರೆಯನ್ನು ಸರಿಸಬೇಕು. ಎದೆಹಾಲಿನಿಂದ ಕಣ್ಣು ತೊಯಿಸಬೇಕು, ತುಪ್ಪ ಸವರಿ ಬಟ್ಟೆ ಕಟ್ಟಬೇಕು. ಆಮೇಲೆ ರೋಗಿ ಅಂಗಾತ ಮಲಗಿ ಕೆಮ್ಮು, ಸೀನು, ತೇಗುಗಳನ್ನು ತಡೆದುಕೊಳ್ಳಬೇಕು. ಪೊರೆ ಹೊರಗೆ ಬರುತ್ತಿರಲಿಲ್ಲ, ಕಣ್ಣಿನೊಳಗೇ ಕೆಳಕ್ಕೆ ಸರಿಯುತ್ತಿತ್ತು. ಎಳೆಯ ಪೊರೆ ಮೆತ್ತಗಿದ್ದು ಸೂಜಿಗೆ ಸಿಗದೆ ಒಡೆಯುತ್ತದೆ. ಬಲಿತದ್ದಾದರೆ ಇಡಿಯಾಗಿ ಜಾರುತ್ತದೆ. ಊರೂರು ಅಲೆಯುತ್ತ ಹೀಗೆ ಪೊರೆ ಕೆಡವುವವರು 20ನೇ ಶತಮಾನದಲ್ಲೂ ಇದ್ದರು. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ 1918ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದ. ಆ ಅಲೆಮಾರಿಗಳ ಸೂಜಿಯಿಂದ ಕೆಟ್ಟ ಕಣ್ಣುಗಳನ್ನು ನೋಡಿ ನೋಡಿ ಬರೆದ ಪುಸ್ತಕ ಅದು.

ಪೊರೆಯನ್ನು ಕಣ್ಣಿನಿಂದ ಹೊರತೆಗೆಯುವ ದಾರಿಯನ್ನು ಫ್ರಾನ್ಸಿನ ಜಾಕ್ ಡವಿಯೆಲ್ 18ನೇ ಶತಮಾನದ ನಡುವಿನಲ್ಲಿ ತೋರಿಸಿದ್ದ. 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆ ಎಂದು ಕಂಡುಕೊಂಡ ಮೇಲೆ ನೋವಿನ ಭಯ ಇಳಿಯಿತು. ನಮ್ಮಲ್ಲಿ 1896ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕಣ್ಣಿಗೆಂದೇ ಒಂದು ಚಿಕಿತ್ಸಾಲಯ ಶುರುವಾಯಿತು. 1913ರಲ್ಲಿ ಅದು ಈಗಿರುವ ಕಟ್ಟಡಕ್ಕೆ ಬಂದು ಮಿಂಟೋ ಆಸ್ಪತ್ರೆ ಎನಿಸಿತು. ಆದರೆ ಬಿಜಾಪುರ, ರಾಯಚೂರು, ಧಾರವಾಡದ ಹಳ್ಳಿಯ ಕುರುಡ ಮುದುಕನಿಗೆ ಬೆಂಗಳೂರು ಎಷ್ಟು ದೂರ! ಅವನನ್ನು ಕೈಹಿಡಿದು ಅಲ್ಲಿಯವರೆಗೆ ಯಾರು ಕರೆದೊಯ್ಯಬೇಕು?

ಆ ದೂರವನ್ನು ದಾಟಿಸಿದ್ದು ಕಣ್ಣಿನ ಶಿಬಿರಗಳು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. 1943ರಿಂದ ಅವರು ರೋಗಿ ಇದ್ದಲ್ಲಿಗೇ ಆಪರೇಷನ್ ಥಿಯೇಟರನ್ನು ಒಯ್ದರು. ಶಾಲೆ, ಛತ್ರ, ಮಠ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಸಾಲು ಮೇಜು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಕ್ರಿಯೆ ಮಾಡಿದ್ದು ಗಿನ್ನೆಸ್ ದಾಖಲೆಯಾಯಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹಿರಿಯರು ಅವರ ಹೆಸರೆತ್ತುವಾಗ ಕೈ ಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.

ಆ ಕಾಲದ ವಿಧಾನ ತಿಳಿದರೆ ನನ್ನ ರೋಗಿಗಳ ಪ್ರಶ್ನೆಗಳೆಲ್ಲ ಅರ್ಥವಾಗುತ್ತವೆ. ಆಗ ಪೊರೆಯನ್ನು ಅದರ ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು. ಕರಿಗುಡ್ಡೆಯ ಅಂಚಿನಲ್ಲಿ ಹೆಚ್ಚುಕಡಿಮೆ ಅರ್ಧ ಸುತ್ತು ಕೊಯ್ಯಬೇಕಿತ್ತು. ಬಲಿತ ಹುಣಸೆಹಣ್ಣು ತೊಗಟೆಯಿಂದ ಬಿಡಿಸಿಕೊಳ್ಳುವ ಹಾಗೆ, ಬಲಿತ ಪೊರೆ ತನ್ನ ಎಳೆಗಳಿಂದ ಸುಲಭವಾಗಿ ಕಳಚುತ್ತಿತ್ತು. ಎಳೆಯದಕ್ಕೆ ಕೈಹಾಕಿದರೆ ಅಪಾಯ. ಹಾಗಾಗಿ "ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬಾ" ಎಂದು ಹೇಳಿ ಕಳಿಸುತ್ತಿದ್ದದ್ದು ಡಾಕ್ಟರೇ. ಶಿಬಿರ ನಡೆಯುತ್ತಿದ್ದದ್ದು ಸುಗ್ಗಿ ಮುಗಿಯುವ ಚಳಿಗಾಲದಲ್ಲಿ: ಬೆವರು ಕಡಿಮೆ, ಹೊಲದ ಕೆಲಸವೂ ಕಡಿಮೆ, ಜೊತೆಗೆ ಬರಲು ಮನೆಯಲ್ಲಿ ಆಳು ಸಿಗುತ್ತಿತ್ತು.

ನನ್ನ ಅಜ್ಜಿಗೆ ಆಪರೇಷನ್ ಆದದ್ದು ಇಂಥದೇ ಶಿಬಿರದಲ್ಲಿ, ಹೈಸ್ಕೂಲಿನ ಕೋಣೆಯಲ್ಲಿ. ಬೆಂಚುಗಳನ್ನು ಹೊರಗಿಟ್ಟು ನೆಲಕ್ಕೆ ಜಮಖಾನ ಹಾಸಿದ್ದರು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಆಚೆ ಈಚೆ ಮರಳಿನ ಚೀಲ. ಮಗ್ಗುಲಾಗುವಂತಿಲ್ಲ. ಅಗಿಯುವಂತಿಲ್ಲ, ಅದಕ್ಕೇ ರವೆಗಂಜಿ. ನಾನು ಚಮಚದಲ್ಲಿ ಕುಡಿಸುತ್ತಿದ್ದೆ. ಪಕ್ಕದ ಮುದುಕ ಕೆಮ್ಮಿದರೆ ಇಡೀ ಕೋಣೆ ಹೆದರುತ್ತಿತ್ತು. ಅದು ಸುಳ್ಳು ಹೆದರಿಕೆ ಆಗಿರಲಿಲ್ಲ. ಅಷ್ಟು ದೊಡ್ಡ ಗಾಯ ಒಂದು ಜೋರು ಕೆಮ್ಮಿಗೆ ಬಾಯಿಬಿಟ್ಟು ಕಣ್ಣಿನೊಳಗಿನ ಲೋಳೆ ಹೊರಬಂದರೆ ದೃಷ್ಟಿ ಅಲ್ಲಿಗೇ ಮುಗಿಯಿತು. ಮಲಬದ್ಧತೆಯಾಗಿ ತಿಣುಕಿದರೂ ಅದೇ ಅಪಾಯ. ಮನೆಗೆ ಬಂದ ಮೇಲೆ ಹಣೆಯಿಂದ ಇಳಿಬಿಟ್ಟ ಹಸಿರು ಬಟ್ಟೆ, ತಲೆಸ್ನಾನ ನಿಷಿದ್ಧ. ಗಾಯ ಮಾಗಲು ವಾರಗಟ್ಟಲೆ ಬೇಕಿತ್ತು.

ಪೊರೆ ಬಂದ ಮಸೂರವನ್ನೇ ತೆಗೆದ ಕಣ್ಣಿಗೆ ಸುಮಾರು ಪ್ಲಸ್ ಹತ್ತರ ಕನ್ನಡಕ ಬೇಕು. ಸೋಡಾ ಬಾಟಲಿ ಗ್ಲಾಸು ಎಂದು ಮಕ್ಕಳು ನಗುತ್ತಿದ್ದದ್ದು ಅದಕ್ಕೇ. ಅದರಲ್ಲಿ ಎಲ್ಲವೂ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ, ಅಂಚಿನಲ್ಲಿ ಒಂದು ಸುತ್ತು ಏನೂ ಕಾಣುವುದಿಲ್ಲ. ಓಣಿಯಲ್ಲಿ ಪಕ್ಕದಿಂದ ಬಂದ ಎಮ್ಮೆ ಅಜ್ಜಿಗೆ ಒಮ್ಮೆಲೆ ಮುಖದ ಮುಂದೆ ಎದ್ದು ನಿಂತ ಹಾಗಾಗಿ ಕೂಗಿಬಿಡುತ್ತಿದ್ದಳು. ಮೆಟ್ಟಿಲು ಎಲ್ಲಿದೆ ಎಂಬ ಅಂದಾಜು ತಪ್ಪುತ್ತಿತ್ತು. ಆ ಕನ್ನಡಕ ಒಡೆದರೆ ಆಪರೇಷನ್ ಆದ ಮನುಷ್ಯ ಮತ್ತೆ ಕುರುಡ. ಶಿಬಿರಗಳ ಲೆಕ್ಕಪುಸ್ತಕದಲ್ಲಿ ಆಪರೇಷನ್ನುಗಳ ಸಂಖ್ಯೆ ಬಂತು, ಒಡೆದ ಕನ್ನಡಕಗಳ ಸಂಖ್ಯೆ ಬರಲಿಲ್ಲ. ಆ ಸಾಧನೆಯ ಬಗ್ಗೆ ಬರೆಯುವವರು ಇದನ್ನೂ ಬರೆಯಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಕೃತಕ ಮಸೂರ ಇಟ್ಟಿದ್ದ. ಯುದ್ಧವಿಮಾನದ ಗಾಜುಮಾಡಿನ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವನು ಗಮನಿಸಿದ್ದ. ಆದರೆ ಅದು ನಮ್ಮ ಬಡವರ ಕಣ್ಣಿಗೆ ಬರಲು ದಶಕಗಳೇ ಬೇಕಾದವು. ಮಧುರೆಯ ಅರವಿಂದ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ತೆರೆದು ಅಗ್ಗದ ಮಸೂರ ತಯಾರಿಸಿದ ಮೇಲೆ ಚಿತ್ರವೇ ಬದಲಾಯಿತು. ಕಣ್ಣಿನೊಳಗೆ ವಸ್ತು ಇಡಬೇಕೆಂದರೆ ಶಾಲೆಯ ಕೋಣೆ ಸಾಲದು. ಹಾಗಾಗಿ ಈಗ ಹಳ್ಳಿಯಲ್ಲಿ ಬರೀ ತಪಾಸಣೆ, ಆಪರೇಷನ್ನಿಗೆ ಆಸ್ಪತ್ರೆಯ ಬಸ್ಸು. ಪೊರೆಯನ್ನು ಒಳಗೇ ಅಲ್ಟ್ರಾಸೌಂಡಿನಿಂದ ಪುಡಿಮಾಡಿ ತೆಗೆದರೆ ಗಾಯ ಮೂರು ಮಿಲಿಮೀಟರಿಗಿಂತ ಚಿಕ್ಕದು, ಅನೇಕರು ಅದೇ ದಿನ ಮನೆಗೆ ಹೋಗುತ್ತಾರೆ.

ಕಾರಣ ಹೋಯಿತು, ಮಾತು ಉಳಿಯಿತು. ಅಷ್ಟೇ ಅಲ್ಲ, ಅಂದು ಕಣ್ಣು ಕಾಯುತ್ತಿದ್ದ ಮಾತು ಇಂದು ಕಣ್ಣು ಕಳೆಯುತ್ತದೆ. ಬಲಿತು ಕಂದಾದ ಪೊರೆಯನ್ನು ಒಳಗೇ ಪುಡಿಮಾಡಲು ಹೆಚ್ಚು ಅಲ್ಟ್ರಾಸೌಂಡ್ ಶಕ್ತಿ ಬೇಕು, ಅದರಿಂದ ಕರಿಗುಡ್ಡೆಗೆ ಪೆಟ್ಟು. ಇನ್ನೂ ಬಿಟ್ಟರೆ ಪೊರೆ ಉಬ್ಬಿ ಅಥವಾ ಸೋರಿ ಕಣ್ಣಿನ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿಯುವ ನೋವು, ವಾಂತಿ ಎಂದು ಓಡಿ ಬರುತ್ತಾರೆ. ಆ ಹೊತ್ತಿಗೆ ನರವೇ ಹೋಗಿದ್ದರೆ ಪೊರೆ ತೆಗೆದೂ ಪ್ರಯೋಜನವಿಲ್ಲ.

ಹೀಗೆ ತಡವಾಗಿ ಬರುವವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು ನನ್ನನ್ನು ತುಂಬ ಕಾಡಿದ ಸಂಗತಿ. ಗಂಡಸಿಗೆ ಹೊಲದ ಲೆಕ್ಕ, ಬ್ಯಾಂಕಿನ ಸಹಿ ಕಾಣದಾದರೆ ಕೂಡಲೇ ಕರೆತರುತ್ತಾರೆ. ಹೆಂಗಸಿಗೆ ಮಾತ್ರ ಒಲೆಯ ನಿಯಮ ಅಡ್ಡ ಬರುತ್ತದೆ: ತಿಂಗಳುಗಟ್ಟಲೆ ಒಲೆ ಮುಂದೆ ಕೂರಬಾರದು ಎಂದಾದರೆ ಅಡುಗೆ ಯಾರು ಮಾಡಬೇಕು? ಸೊಸೆ ಬರಲಿ, ಮಗಳ ಬಾಣಂತನ ಮುಗಿಯಲಿ, ದೀಪಾವಳಿ ಕಳೆಯಲಿ. ಅವಳ ಕಣ್ಣನ್ನು ರಕ್ಷಿಸಲು ಹುಟ್ಟಿದ ಪಥ್ಯವೇ ಅವಳ ಆಪರೇಷನ್ನನ್ನು ವರ್ಷಗಟ್ಟಲೆ ಮುಂದೂಡಿತು. ಕೈಯಿಂದ ತಡವಿ ಉಪ್ಪಿನ ಡಬ್ಬಿ ಗುರುತಿಸುತ್ತ ಅವಳು ಅಡುಗೆ ಮಾಡುತ್ತಲೇ ಇರುತ್ತಾಳೆ, ಯಾರಿಗೂ ತಿಳಿಯುವುದಿಲ್ಲ.

ಅದಕ್ಕೇ ನಾನು ಈಗ ಆಪರೇಷನ್ ಚೀಟಿ ಬರೆಯುವಾಗ ಅವಳ ಜೊತೆ ಬಂದ ಗಂಡಸನ್ನು ಒಳಗೆ ಕರೆದು ಕೂರಿಸಿಕೊಳ್ಳುತ್ತೇನೆ. ಗ್ಯಾಸ್ ಒಲೆಯಾದರೆ ಎರಡು ಮೂರು ದಿನ ಸಾಕು, ಸೌದೆ ಒಲೆಯ ಹೊಗೆಯಿಂದ ಮಾತ್ರ ಒಂದೆರಡು ವಾರ ದೂರ ಇರಲಿ, ಅಷ್ಟು ದಿನ ರೊಟ್ಟಿ ನೀವು ಬಡಿಯಿರಿ ಎನ್ನುತ್ತೇನೆ. ಬಲಿಯಲಿ ಎಂದು ನಿಮ್ಮ ಅಜ್ಜನಿಗೆ ಡಾಕ್ಟರು ಹೇಳಿದ್ದು ನಿಜ, ಆಗ ಅದು ಸರಿಯೂ ಆಗಿತ್ತು ಎಂದೂ ಹೇಳುತ್ತೇನೆ. ಅಷ್ಟು ಹೇಳಿದ ಮೇಲೆ ಹೆಚ್ಚಿನವರು ತಾರೀಕು ಕೇಳುತ್ತಾರೆ.