ಅಗಲವಾದ ಬ್ಲೇಡೇ ಮೇಲೆ? ಬ್ಯಾಂಡ್‌ಸಾ ಪಟ್ಟಿಯ ಆಯ್ಕೆ ಕುರಿತು ಒಂದು ಟಿಪ್ಪಣಿ

ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ದಪ್ಪವನ್ನು ಸೀಳಿ, ತೆಳು ಹಲಗೆಗಳನ್ನು ತೆಗೆಯುವ ಕೆಲಸಕ್ಕೆ ರೀಸಾಯಿಂಗ್ ಎಂದು ಹೆಸರು. ಅದಕ್ಕೆ ಯಾವ ಬ್ಲೇಡು ಬೇಕೆಂದು ವಿಚಾರಿಸಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಯಂತ್ರಕ್ಕೆ ಹಿಡಿಸುವಷ್ಟು ಅಗಲದ್ದು. ಸಾಮಿಲ್ಲಿನ ದೊಡ್ಡ ಯಂತ್ರಕ್ಕೆ ಈ ಮಾತು ಸರಿ. 14 ಇಂಚು ವ್ಯಾಸದ ಚಕ್ರವಿರುವ ಸಣ್ಣ ಯಂತ್ರಕ್ಕೆ ಅದೇ ಸಲಹೆ ಕೊಟ್ಟರೆ ಬ್ಲೇಡೂ ಹಾಳು, ಮರವೂ ಹಾಳು ಎಂಬುದು ನನ್ನ ವಾದ. ಅಲ್ಲಿ ಮೊದಲು ನೋಡಬೇಕಾದದ್ದು ಪಟ್ಟಿಯ ದಪ್ಪ, ಆಮೇಲೆ ಹಲ್ಲುಗಳ ಅಂತರ. ಅಗಲದ ಸರದಿ ಅವೆರಡರ ನಂತರ.

ದಪ್ಪದ ತೊಂದರೆ ಈ ಯಂತ್ರದಷ್ಟೇ ಹಳೆಯದು. ಲಂಡನ್ನಿನ ವಿಲಿಯಂ ನ್ಯೂಬೆರಿ 1808ರಲ್ಲೇ ಬ್ಯಾಂಡ್‌ಸಾಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಚಕ್ರದ ಮೇಲೆ ಬಿಡುವಿಲ್ಲದೆ ಬಾಗುವ ಪಟ್ಟಿಯನ್ನು ತುಂಡಾಗದಂತೆ ಬೆಸೆಯುವುದು ಆಗಿನ ಉಕ್ಕಿನಲ್ಲಿ ಸಾಧ್ಯವಾಗಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬಾಕೆ ಬೆಸುಗೆಯ ವಿಧಾನವೊಂದಕ್ಕೆ ಪೇಟೆಂಟ್ ಪಡೆದು, ಹಕ್ಕನ್ನು ಪ್ಯಾರಿಸ್ಸಿನ ಪೆರಿನ್ ಕಂಪನಿಗೆ ಮಾರಿದಳು. ಆ ಬೆಸುಗೆಗೆ ಒಳ್ಳೆಯ ಉಕ್ಕೂ ಹದ ಹಾಕುವ ಸುಧಾರಿಸಿದ ಕ್ರಮವೂ ಜೊತೆಗೂಡಿದ ಮೇಲೆಯೇ ಯಂತ್ರ ಕಾರ್ಖಾನೆಗಳಲ್ಲಿ ನೆಲೆಯೂರಿದ್ದು. ಯಂತ್ರ ಸಿದ್ಧವಾಗಿ, ಪಟ್ಟಿಗಾಗಿ ಸುಮಾರು 40 ವರ್ಷ ಕಾದು ಕೂತಂತಾಯಿತು.

ಇಂದಿನ ಯಂತ್ರದಲ್ಲಿ ಆ ಪಟ್ಟಿ ಎಷ್ಟು ದಣಿಯುತ್ತದೆಂದು ಲೆಕ್ಕ ಹಾಕಬಹುದು. 14 ಇಂಚಿನ ಸಾಮಾನ್ಯ ಯಂತ್ರದ ಬ್ಲೇಡಿನ ಉದ್ದ ಸುಮಾರು 2.37 ಮೀಟರ್, ವೇಗ ಸೆಕೆಂಡಿಗೆ 15 ಮೀಟರ್‌ನ ಆಸುಪಾಸು. ಒಂದು ಸುತ್ತಿಗೆ ಎರಡು ಚಕ್ರ, ಎರಡು ಬಾಗು. ಅಂದರೆ ಗಂಟೆಗೆ ಹತ್ತಿರಹತ್ತಿರ 45,000 ಸಲ ಉಕ್ಕು ಬಾಗಿ ನೆಟ್ಟಗಾಗುತ್ತದೆ. ಪ್ರತಿ ಬಾಗಿನಲ್ಲೂ ಹೊರಮೈ ಹಿಗ್ಗುತ್ತದೆ. ಹಾಗೆ ಹುಟ್ಟುವ ಎಳೆತವನ್ನು ಕಂಡುಹಿಡಿಯಲು ಉಕ್ಕಿನ ಸ್ಥಿತಿಸ್ಥಾಪಕತ್ವದ ಗುಣಾಂಕವನ್ನು ಪಟ್ಟಿಯ ದಪ್ಪದಿಂದ ಗುಣಿಸಿ, ಚಕ್ರದ ವ್ಯಾಸದಿಂದ ಭಾಗಿಸಿದರೆ ಸಾಕು. 0.64 ಮಿ.ಮೀ. ದಪ್ಪದ ಪಟ್ಟಿಗೆ ಇದು ಚದರ ಮಿಲಿಮೀಟರಿಗೆ ಸುಮಾರು 370 ನ್ಯೂಟನ್. 0.8 ಮಿ.ಮೀ. ಪಟ್ಟಿಗೆ 460. ಚಕ್ರ ತಿರುಗಿಸಿ ನಾವು ಬಿಗಿಯುವ ಎಳೆತವಾದರೋ ಕಾರ್ಬನ್ ಉಕ್ಕಿನ ಬ್ಲೇಡಿನಲ್ಲಿ 100ರಿಂದ 140ರೊಳಗೆ. ಬಿಗಿ ಹೆಚ್ಚಾಗಿ ಬ್ಲೇಡು ಹರಿಯಿತೆಂದು ದೂರುವವರು ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಬಿಗಿತಕ್ಕಿಂತ ಬಾಗುವುದೇ ಉಕ್ಕಿಗೆ ಹೆಚ್ಚಿನ ಹೊರೆ. ಬಿರುಕು ಸಾಮಾನ್ಯವಾಗಿ ಹಲ್ಲುಗಳ ನಡುವಿನ ಕುಳಿಯ ತಳದಲ್ಲಿ ಕಾಣಿಸಿಕೊಳ್ಳುತ್ತದೆ.

ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲಿಗಿಂತ ಪಟ್ಟಿ ದಪ್ಪವಿರಬಾರದು ಎಂಬುದು ಹಳೆಯ ಸೂತ್ರ. 14 ಇಂಚಿನ ಯಂತ್ರಕ್ಕೆ ಅದು 0.36 ಮಿ.ಮೀ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 0.64 ಮಿ.ಮೀ. ಪಟ್ಟಿ ಆ ಗೆರೆಯನ್ನು ಈಗಾಗಲೇ ದಾಟಿದೆ. ಮುಕ್ಕಾಲು ಇಂಚು, ಒಂದು ಇಂಚು ಅಗಲದ ಪಟ್ಟಿಗಳು ಬಹುಪಾಲು ಇನ್ನೂ ದಪ್ಪನಾಗಿ ಬರುತ್ತವೆ. ಅಗಲ ಕೊಂಡವರು ತಿಳಿಯದೆಯೇ ದಪ್ಪವನ್ನೂ ಕೊಳ್ಳುವುದು ಹೀಗೆ.

ಬಿಗಿಯುವ ಶಕ್ತಿಯದೂ ಒಂದು ಲೆಕ್ಕವಿದೆ. ಅರ್ಧ ಇಂಚು ಅಗಲ, 0.64 ದಪ್ಪದ ಪಟ್ಟಿಯಲ್ಲಿ ಹಲ್ಲಿನ ಆಳ ಕಳೆದರೆ ಉಳಿಯುವ ಅಡ್ಡಕೊಯ್ತ ಸುಮಾರು 6.2 ಚದರ ಮಿ.ಮೀ. ಅದನ್ನು 120 ನ್ಯೂಟನ್ನಿನ ಮಟ್ಟಕ್ಕೆ ಬಿಗಿಯಲು, ಇಳಿಯುವ ಮತ್ತು ಏರುವ ಎರಡೂ ಎಳೆ ಸೇರಿ, ಮೇಲಿನ ಚಕ್ರದ ಸ್ಪ್ರಿಂಗು 150 ಕಿಲೋ ಭಾರ ಹೊರಬೇಕು. ಮುಕ್ಕಾಲು ಇಂಚು ಅಗಲ, 0.8 ದಪ್ಪವಾದರೆ 310 ಕಿಲೋ. ಸಣ್ಣ ಯಂತ್ರದ ಸ್ಪ್ರಿಂಗು ಅಷ್ಟಕ್ಕೆ ಮೊದಲೇ ಪೂರ್ತಿ ಕುಗ್ಗಿ, ಸುರುಳಿಗೆ ಸುರುಳಿ ತಾಕಿ ನಿಲ್ಲುತ್ತದೆ. ಬಿಗಿ ಸಾಲದ ಅಗಲ ಪಟ್ಟಿ ಮರದೊಳಗೆ ಹೊಟ್ಟೆ ಬಿಡುತ್ತದೆ. ಹಲಗೆ ಮೇಲೂ ಕೆಳಗೂ ಸರಿಯಾಗಿದ್ದು ನಡುವೆ ಮಾತ್ರ ತೆಳ್ಳಗೋ ದಪ್ಪಗೋ ಬಂದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಮಾರ್ಗದರ್ಶಿ ಬೇಲಿಯನ್ನು ಆಗಾಗ ತಿರುಗಿಸಿ ಸರಿಪಡಿಸಲು ಹೋದರೆ ಗುಣವಾಗುವುದಿಲ್ಲ.

ಇನ್ನು ಹಲ್ಲು. ಇಂಚಿಗೆ ಹಲ್ಲು ಹೆಚ್ಚಿದಷ್ಟೂ ಮೇಲ್ಮೈ ನಯ ಎಂಬುದು ತೆಳು ಮರದ ಮಟ್ಟಿಗೆ ನಿಜ. 200 ಮಿ.ಮೀ. ಎತ್ತರದ ಸೀಳಿನಲ್ಲಿ ಅದು ತಲೆಕೆಳಗಾಗುತ್ತದೆ. ಪ್ರತಿ ಹಲ್ಲು ತಾನು ಕೆತ್ತಿದ ಹೊಟ್ಟನ್ನು ಮರದಿಂದ ಹೊರಬೀಳುವವರೆಗೂ ತನ್ನ ಮುಂದಿನ ಕುಳಿಯಲ್ಲಿ ಹೊತ್ತುಕೊಂಡೇ ಸಾಗಬೇಕು. ನಿಮಿಷಕ್ಕೆ 1 ಮೀಟರ್‌ನಂತೆ ಮರ ತಳ್ಳಿದರೆ, ಇಂಚಿಗೆ 3 ಹಲ್ಲಿನ ಬ್ಲೇಡಿನಲ್ಲಿ ಹಲ್ಲೊಂದು ಸುಮಾರು 0.009 ಮಿ.ಮೀ. ದಪ್ಪ ಕೆರೆಯುತ್ತದೆ, 200 ಮಿ.ಮೀ. ಹಾದುಹೋಗುವಷ್ಟರಲ್ಲಿ ಪಕ್ಕದಿಂದ ನೋಡಿದ ಅಳತೆಯಲ್ಲಿ 1.9 ಚದರ ಮಿ.ಮೀ. ಮರ. ಪುಡಿಯಾದಾಗ ಮೂರು ಪಟ್ಟು ಹಿಗ್ಗುತ್ತದೆಂದು ಇಟ್ಟುಕೊಂಡರೆ 5.6. ಕುಳಿಯ ಜಾಗ ಸುಮಾರು 12. ಧಾರಾಳ. 6 ಹಲ್ಲಿನದರಲ್ಲಿ ಹೊಟ್ಟು 2.8, ಜಾಗ 3, ಕಷ್ಟದಲ್ಲಿ ಸಾಕು. 14 ಹಲ್ಲಿನದರಲ್ಲಿ ಹೊಟ್ಟು 1.2, ಜಾಗ ಬರೀ 0.55. ಹಿಡಿಸದ ಹೊಟ್ಟು ಪಕ್ಕಕ್ಕೆ ನುಗ್ಗಿ ಉಜ್ಜುತ್ತದೆ, ಬ್ಲೇಡು ಕಾಯುತ್ತದೆ, ಮರ ಕರಕಲಾಗುತ್ತದೆ. ಕಾರಣ ಸರಳ: ಹಲ್ಲುಗಳ ಅಂತರ ದುಪ್ಪಟ್ಟಾದರೆ ಹಲ್ಲಿಗೊಂದರಂತೆ ಹೊಟ್ಟು ದುಪ್ಪಟ್ಟಾಗುತ್ತದೆ, ಕುಳಿಯ ಜಾಗ ಮಾತ್ರ ನಾಲ್ಕು ಪಟ್ಟಾಗುತ್ತದೆ. ಸುಮಾರು 10 ಡಿಗ್ರಿ ಮುಂದಕ್ಕೆ ಬಾಗಿದ ಹುಕ್ ಹಲ್ಲು ಇಲ್ಲಿ ಉತ್ತಮ, ಏಕೆಂದರೆ ಅದು ಮರವನ್ನು ತಾನೇ ಕಚ್ಚಿ ಎಳೆಯುತ್ತದೆ, ತಳ್ಳುವ ಬಲ ಕಡಿಮೆ ಸಾಕು.

ಬಾಗುಗೆರೆ ಕೊಯ್ಯುವ ಕೆಲಸಕ್ಕೆ ಅಗಲವೇ ಮುಖ್ಯ. ತಯಾರಕರು ಅಚ್ಚು ಹಾಕುವ ಕೋಷ್ಟಕದಲ್ಲಿ ಕಾಲು ಇಂಚಿನ ಬ್ಲೇಡಿಗೆ 16 ಮಿ.ಮೀ. ತ್ರಿಜ್ಯ, ಅರ್ಧ ಇಂಚಿನದಕ್ಕೆ 63 ಮಿ.ಮೀ. ಎಂದಿರುತ್ತದೆ. ಅಗಲ ದುಪ್ಪಟ್ಟಾದರೆ ತ್ರಿಜ್ಯ ನಾಲ್ಕು ಪಟ್ಟು. ಮಿಲಿಮೀಟರಿನ ಅಗಲವನ್ನು ವರ್ಗ ಮಾಡಿ ಎರಡೂವರೆಯಿಂದ ಭಾಗಿಸಿದರೆ ಕೋಷ್ಟಕವನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಲೋಹದ ಆಯ್ಕೆಯನ್ನು ಮರ ತೀರ್ಮಾನಿಸುತ್ತದೆ. ಹಲಸಿನಂಥ ಮರಕ್ಕೆ ಕಾರ್ಬನ್ ಉಕ್ಕು ಸಾಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಕಾರ್ಬನ್ ಉಕ್ಕಿನ ಮೊನೆ ಬೇಗ ಮೊಂಡಾಗುತ್ತದೆ; ತೇಗವನ್ನೇ ಹೆಚ್ಚು ಸೀಳುವವರು ಹಲ್ಲಿನ ಅಂಚಿಗೆ ಹೈಸ್ಪೀಡ್ ಉಕ್ಕು ಬೆಸೆದ ಬೈಮೆಟಲ್ ಬ್ಲೇಡಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಮೈಸೂರಿನ ಕೆತ್ತು-ಕೂರಿಸುವ ಕುಸುರಿಗೆ ಬಳಸುವ ಬೀಟೆಯಲ್ಲಿ ಪ್ರತಿ ಸೀಳಿನ ದಪ್ಪವೂ ದುಡ್ಡೇ. 50 ಮಿ.ಮೀ. ದಪ್ಪದ ಬೀಟೆಯಿಂದ 4 ಮಿ.ಮೀ. ತುಂಡುಗಳನ್ನು 3 ಮಿ.ಮೀ. ತಿನ್ನುವ ವೃತ್ತಗರಗಸದಲ್ಲಿ ತೆಗೆದರೆ 7 ದಕ್ಕುತ್ತವೆ, 1.2 ತಿನ್ನುವ ಬ್ಯಾಂಡ್‌ಸಾದಲ್ಲಿ 9.

ಆದ್ದರಿಂದ 14 ಇಂಚಿನ ಯಂತ್ರ ಇಟ್ಟುಕೊಂಡವರಿಗೆ ಎರಡು ಬ್ಲೇಡು ಸಾಕೆಂಬುದು ನನ್ನ ಅಭಿಪ್ರಾಯ: ದಿನನಿತ್ಯದ ಕೆಲಸಕ್ಕೆ ಕಾಲು ಇಂಚು ಅಗಲ, 6 ಹಲ್ಲಿನದು, ಸೀಳಲು ಅರ್ಧ ಇಂಚು, 3 ಹಲ್ಲಿನ ಹುಕ್. ಸುರುಳಿಯಿಂದ ಕತ್ತರಿಸಿ ಬೆಸೆದುಕೊಡುವ ಅಂಗಡಿಯಲ್ಲಿ ಉದ್ದ, ಅಗಲ, ಹಲ್ಲು ಇಷ್ಟನ್ನೇ ಬರೆಸಿ ಬರಬೇಡಿ. ದಪ್ಪ 0.64 ಮಿ.ಮೀ. ಮೀರದಿರಲಿ ಎಂದೂ ಬರೆಸಿ, ಬೆಸುಗೆಯ ಜಾಗವನ್ನು ಬೆರಳಿನಿಂದ ಸವರಿ ಉಬ್ಬಿಲ್ಲವೆಂದು ಖಚಿತಪಡಿಸಿಕೊಂಡೇ ಹಣ ಕೊಡಿ.