ಎಚ್‌ಐವಿ ಅನುಮಾನ ಇದೆಯಾ? ಟೆಸ್ಟ್ ಯಾವಾಗ, ಎಲ್ಲಿ ಮಾಡಿಸಬೇಕು: ಇಲ್ಲಿದೆ ಮಾಹಿತಿ

ಜಮಖಂಡಿ: "ಒಂದ್ಸಲಕ್ಕೆ ಏನ್ ಆಗ್ತದ ಬಿಡು" ಅಂತ ಸುಮ್ಮನಿರೋರು ಒಂದು ಕಡೆ. ಕಟಿಂಗ್ ಅಂಗಡಿಯ ಬ್ಲೇಡ್ ತಾಗಿತು ಅಂತ ತಿಂಗಳುಗಟ್ಟಲೆ ನಿದ್ದೆಗೆಡೋರು ಇನ್ನೊಂದು ಕಡೆ. ನಿಜ ಹೇಳಬೇಕಂದ್ರೆ ಟೆಸ್ಟ್ ಹೆಚ್ಚು ಬೇಕಾಗಿರೋದು ಮೊದಲನೆಯವರಿಗೆ.

ಕಾಂಡೋಮ್ ಇಲ್ಲದೆ ಲೈಂಗಿಕ ಸಂಪರ್ಕ ಆಗಿದ್ದರೆ, ಕಾಂಡೋಮ್ ಹರಿದಿದ್ದರೆ, ಬೇರೆಯವರಿಗೆ ಬಳಸಿದ ಸೂಜಿ ಚುಚ್ಚಿದ್ದರೆ ಟೆಸ್ಟ್ ಮಾಡಿಸಲೇಬೇಕು. ಒಂದೇ ತಾಟಿನಲ್ಲಿ ಊಟ, ಸೊಳ್ಳೆ ಕಡಿತ, ಕೈಕುಲುಕುವುದು, ಸಾರ್ವಜನಿಕ ಶೌಚಾಲಯ ಇವುಗಳಿಂದ ಎಚ್‌ಐವಿ ಬರೋದಿಲ್ಲ. ಕ್ಷೌರಕ್ಕೆ ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕೋದು ಸರಿಯಾದ ಪದ್ಧತಿ. ಆದರೆ ಒಣಗಿದ ಬ್ಲೇಡಿನ ಭಯದಲ್ಲಿ ಕೊರಗೋ ಅಗತ್ಯವಿಲ್ಲ.

72 ಗಂಟೆ ದಾಟಬಾರದು

ಘಟನೆ ನಡೆದು ಇನ್ನೂ ಮೂರು ದಿನ ಆಗಿಲ್ಲ ಅಂದ್ರೆ ಟೆಸ್ಟ್‌ಗಿಂತ ಮೊದಲು ವೈದ್ಯರನ್ನು ಕಾಣಿ. ಸೋಂಕು ತಗಲದಂತೆ ತಡೆಯುವ ಪಿಇಪಿ ಮಾತ್ರೆಗಳಿವೆ. 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು, ಶುರು ಮಾಡಿ 28 ದಿನ ತಪ್ಪದೆ ತಗೋಬೇಕು. ಭಾನುವಾರ ಅಂತ ಕಾಯಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ ಕೇಳಿ. ನಮ್ಮ ಕಡೆ ಬಹಳ ಜನ ಸೋಲೋದು ಇಲ್ಲೇ. ನಾಚಿಕೆಯಲ್ಲೇ ಮೂರು ದಿನ ಕಳೆದುಹೋಗ್ತದೆ.

ಮರುದಿನದ ಟೆಸ್ಟ್ ಸಾಲದು

ಸೋಂಕು ತಗಲಿದ ಮೊದಲ ಕೆಲ ವಾರ ಅದು ರಕ್ತ ಪರೀಕ್ಷೆಯಲ್ಲಿ ಕಾಣಿಸದೇ ಇರಬಹುದು. ಹಾಗಾಗಿ ಈಗೊಮ್ಮೆ, ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಮಾಡಿಸುವುದು ರೂಢಿ. ಪಿಇಪಿ ತಗೊಂಡವರಿಗೆ ದಿನಾಂಕ ಬದಲಾಗಬಹುದು, ಆಪ್ತಸಮಾಲೋಚಕರು ಹೇಳ್ತಾರೆ. ಮೊದಲ ಟೆಸ್ಟ್ ಪಾಸಿಟಿವ್ ಬಂದರೂ ಅದೇ ಕೊನೆಯಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಂಡ ಮೇಲೇ ವರದಿ ಕೊಡ್ತಾರೆ.

ಎಲ್ಲಿ? ಯಾರಿಗೂ ಗೊತ್ತಾಗೋದಿಲ್ವಾ?

ಜಮಖಂಡಿ, ಮುಧೋಳ, ಬೀಳಗಿ ತಾಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ. ರಬಕವಿ-ಬನಹಟ್ಟಿಯವರು ಜಮಖಂಡಿಗೂ ಬರಬಹುದು. ಪರಿಚಯದವರು ಕಂಡಾರು ಅನ್ನೋ ಅಳುಕಿದ್ದರೆ ಬೇರೆ ಊರಿನ ಕೇಂದ್ರಕ್ಕೆ ಹೋಗಿ, ನಿಮ್ಮ ತಾಲೂಕಿನಲ್ಲೇ ಆಗಬೇಕು ಅಂತೇನಿಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ವರದಿ ಹೊರಗೆ ಹೇಳುವಂತಿಲ್ಲ. ಅಂಗಡಿ, ಮಗ್ಗ, ಕಾರ್ಖಾನೆ ಇಟ್ಟವರು ಗಮನಿಸಿ: ಕೆಲಸ ಕೊಡೋಕೆ ಎಚ್‌ಐವಿ ಟೆಸ್ಟ್ ಕೇಳುವುದೂ ತಪ್ಪು.

ಇದು ದೊಡ್ಡ ಶಹರದ ರೋಗ ಅಂದ್ಕೋಬೇಡಿ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 100ಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡಿತ್ತು. ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಹೆಚ್ಚು. ಆಗಿನಂತೆ ಈಗ ಕೈಚೆಲ್ಲಿ ಕೂರುವ ಸ್ಥಿತಿ ಇಲ್ಲ. ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗ್ತದೆ. ದಿನಾ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡೋದಿಲ್ಲ.

ಕೊನೆಯ ಟೆಸ್ಟ್ ಆಗುವವರೆಗೆ ಕಾಂಡೋಮ್ ಬಳಸಿ, ಹೆಂಡತಿ ಅಥವಾ ಗಂಡನ ಜೊತೆಗೂ. ಟೆಸ್ಟ್ ತಾನಾಗೇ ಆಗ್ತದೆ ಅಂತ ರಕ್ತದಾನ ಶಿಬಿರಕ್ಕೆ ಮಾತ್ರ ಹೋಗಬೇಡಿ. ಹೆಸರು ಹೇಳದೆ ಮೊದಲು ಮಾತಾಡಬೇಕು ಅನ್ನೋರಿಗೆ ಉಚಿತ ಸಹಾಯವಾಣಿ: 1097.